ಮಂಗನ ಕಾಯಿಲೆ ಮತ್ತು ರಕ್ತದ ಸಾಕ್ಷ್ಯ: ಕಾಳಿ ಕಣಿವೆಯ ಹಿನ್ನೆಲೆಯಲ್ಲಿ ರೋಗಪತ್ತೆಯ ಚರಿತ್ರೆ

ರೋಗಗಳಿಗೆ ಜನಪದರು ಇಡುವ ಹೆಸರುಗಳು ಕೇವಲ ಸಂಕೇತಗಳಲ್ಲ. ಅವುಗಳಲ್ಲಿ ಒಂದು ಸಮುದಾಯ ತಾನು ಕಂಡುದನ್ನು ಹೇಗೆ ಅರ್ಥಮಾಡಿಕೊಂಡಿತು ಎಂಬುದರ ದಾಖಲೆ ಅಡಗಿರುತ್ತದೆ. ಮಲೆನಾಡಿನಲ್ಲಿ 1957ರಿಂದ ಈಚೆಗೆ ಬಳಕೆಗೆ ಬಂದ ‘ಮಂಗನ ಕಾಯಿಲೆ’ ಎಂಬ ಹೆಸರು ಇದಕ್ಕೆ ಉತ್ತಮ ನಿದರ್ಶನ. ವೈದ್ಯಶಾಸ್ತ್ರ ಇದನ್ನು ‘ಕ್ಯಾಸನೂರು ಕಾಡಿನ ಕಾಯಿಲೆ’ ಎಂದು ಕರೆಯಿತು. ಒಂದು ಹೆಸರು ಪ್ರಾಣಿಯನ್ನು ಹಿಡಿದುಕೊಂಡಿದೆ, ಇನ್ನೊಂದು ಸ್ಥಳವನ್ನು. ರೋಗಗಳಿಗೆ ಊರಿನ ಹೆಸರನ್ನಾಗಲೀ ಪ್ರಾಣಿಯ ಹೆಸರನ್ನಾಗಲೀ ಇಡಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಸೂಚಿಸಿತು. ಆ ಮಾನದಂಡದಲ್ಲಿ ನೋಡಿದರೆ ಜನಪದರ ಹೆಸರೂ ತಜ್ಞರ ಹೆಸರೂ ಒಟ್ಟಿಗೆ ತಪ್ಪಿತಸ್ಥವಾಗುತ್ತವೆ.

ಕನ್ನಡದಲ್ಲಿ ಮಂಗನ ಹೆಸರನ್ನು ಹೊತ್ತ ಮತ್ತೊಂದು ರೋಗವಿದೆ; ಅದು ಮಂಗಬಾವು. ಅಲ್ಲಿ ಮಂಗಕ್ಕೂ ರೋಗಕ್ಕೂ ಯಾವ ಕಾರ್ಯಕಾರಣ ಸಂಬಂಧವೂ ಇಲ್ಲ. ಗಲ್ಲ ಊದಿಕೊಂಡ ಮಗುವಿನ ಮುಖ ಮಂಗನ ಮುಖದಂತೆ ಕಾಣುತ್ತದೆಂಬ ಸಾದೃಶ್ಯವೇ ಆ ಹೆಸರಿಗೆ ಆಧಾರ. ‘ಮಂಗನ ಕಾಯಿಲೆ’ಯ ರಚನೆ ಇದಕ್ಕಿಂತ ಭಿನ್ನ. ಇಲ್ಲಿ ರೋಗಿ ಮಂಗನಂತೆ ಕಾಣುವುದಿಲ್ಲ. ಕಾಡಿನಲ್ಲಿ ಮಂಗಗಳು ಸತ್ತು ಬೀಳುವುದಕ್ಕೂ ಊರಿನಲ್ಲಿ ಜನ ಜ್ವರದಿಂದ ಮಲಗುವುದಕ್ಕೂ ನಂಟಿದೆ ಎಂಬ ಅವಲೋಕನ ಆ ಹೆಸರಿನಲ್ಲಿದೆ. ಸಿಡುಬು, ದಡಾರಗಳು ‘ಅಮ್ಮ’ ಎಂಬ ದೈವೀ ಹೆಸರನ್ನು ಪಡೆದಂತೆ ಇದು ಪಡೆಯಲಿಲ್ಲ ಎಂಬುದೂ ಗಮನಾರ್ಹ. ಮಾರಿಕಾಂಬೆಯ ಜಾತ್ರೆಗಳಿಗೆ ಹೆಸರಾದ ಶಿರಸಿ ಮತ್ತು ಸಾಗರಗಳ ನಡುವಣ ಪ್ರದೇಶದಲ್ಲಿಯೇ ಹುಟ್ಟಿದ ಈ ಹೆಸರು ಮಾರಿಯ ಕಡೆಗೆ ತಿರುಗದೆ ಕಾಡಿನ ಕಡೆಗೆ ತಿರುಗಿತು. ಜನಪದ ಜ್ಞಾನವೆಂದರೆ ನಂಬಿಕೆ ಮಾತ್ರವೆಂದು ತಿಳಿಯುವವರು ಈ ಒಂದು ಪದವನ್ನು ಪರಿಶೀಲಿಸಬೇಕು.

ಗಡಿ ದಾಟಿದರೂ ಹೆಸರಿನ ತಿರುಳು ಬದಲಾಗುವುದಿಲ್ಲ. ಗೋವೆ ಮತ್ತು ಸಿಂಧುದುರ್ಗದ ಕಡೆ ಇದು ‘ಮಾಕಡತಾಪ’, ವಯನಾಡಿನಲ್ಲಿ ‘ಕುರಙ್ಙುಪನಿ’. ಮೂರು ಭಾಷೆಗಳಲ್ಲಿಯೂ ಮಂಗವೇ ರೋಗದ ಗುರುತು. ಆದರೆ ಮೂರರಲ್ಲಿಯೂ ಒಂದು ಅನ್ಯಾಯವಿದೆ. ಮಂಗ ಈ ರೋಗದ ಬಲಿಯೇ ಹೊರತು ಮೂಲವಲ್ಲ.

ಘಟನೆಯ ಇತಿಹಾಸವನ್ನು ಸಂಗ್ರಹವಾಗಿ ಹೀಗೆ ಹೇಳಬಹುದು. 1957ರ ಮಾರ್ಚ್ ತಿಂಗಳಿನಲ್ಲಿ ಅಂದಿನ ಮೈಸೂರು ರಾಜ್ಯದ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯುತ್ತಿರುವ ಸುದ್ದಿ ಹೊರಬಿತ್ತು. ಕಪ್ಪು ಮೋರೆಯ ಮುಸುವಗಳೂ ಕೆಂಪು ಮೋರೆಯ ಮಂಗಗಳೂ ಸತ್ತವು. ಅದೇ ಕಾಲದಲ್ಲಿ ಸುತ್ತಲ ಹಳ್ಳಿಗಳ ಜನರಲ್ಲಿ ತೀವ್ರ ಜ್ವರ, ತಲೆನೋವು, ಮೈಕೈನೋವು, ಕೆಲವರಲ್ಲಿ ಮೂಗು ಬಾಯಿಗಳಿಂದ ರಕ್ತಸ್ರಾವ ಕಾಣಿಸಿಕೊಂಡಿತು. ಮೊದಲಿಗೆ ವಿಷಮಶೀತ ಜ್ವರವೆಂದು ಭಾವಿಸಿದವರಿದ್ದರು. ಪುಣೆಯ ವೈರಾಣು ಸಂಶೋಧನಾ ಕೇಂದ್ರಕ್ಕೆ ಬೇರೊಂದು ಭೀತಿಯಿತ್ತು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಮಂಗಗಳು ಸಾಲಾಗಿ ಸತ್ತರೆ ಅದು ಹಳದಿ ಜ್ವರದ ಮುನ್ಸೂಚನೆ. ಏಷ್ಯಾ ಖಂಡ ಎಂದೂ ಕಾಣದ ಹಳದಿ ಜ್ವರ ಮಲೆನಾಡಿಗೆ ಬಂದಿತೇ ಎಂಬ ಶಂಕೆಯೇ ಸಂಶೋಧಕರನ್ನು ತ್ವರೆಯಿಂದ ಸಾಗರ–ಸೊರಬಗಳಿಗೆ ಕರೆತಂದಿತು. ರಾಕ್‌ಫೆಲರ್ ಪ್ರತಿಷ್ಠಾನ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಗಳು ಜಂಟಿಯಾಗಿ 1952ರಲ್ಲಿ ಸ್ಥಾಪಿಸಿದ್ದ ಈ ಕೇಂದ್ರಕ್ಕೆ ಆಗ ಟೆಲ್‌ಫರ್ಡ್ ವರ್ಕ್ ನಿರ್ದೇಶಕರಾಗಿದ್ದರು. ಅವರೂ ಹೆರಾಲ್ಡ್ ಟ್ರಾಪಿಡೋ ಅವರೂ ಸಹೋದ್ಯೋಗಿಗಳೊಡನೆ ನಡೆಸಿದ ಶೋಧದಿಂದ ಸತ್ತ ಮಂಗಗಳಲ್ಲಿಯೂ ರೋಗಿಗಳ ರಕ್ತದಲ್ಲಿಯೂ ಒಂದೇ ವೈರಾಣು ಇರುವುದು ಸಿದ್ಧವಾಯಿತು. ಅದು ಹಳದಿ ಜ್ವರದ್ದಲ್ಲ. ರಷ್ಯದ ವಸಂತ–ಗ್ರೀಷ್ಮ ಮಿದುಳುಜ್ವರದ ಬಳಗಕ್ಕೆ ಸೇರಿದ್ದು. ಸೈಬೀರಿಯದ ಹಿಮದ ಕಾಡಿನ ರೋಗದ ನೆಂಟ ಸೊರಬದ ಕಾಡಿನಲ್ಲಿ ಸಿಕ್ಕಿದ್ದು ಆ ಕಾಲಕ್ಕೆ ಬೆರಗಿನ ಸಂಗತಿ. ಮೊದಲ ವರ್ಷದಲ್ಲಿ ದಾಖಲಾದ ಪ್ರಕರಣಗಳು 466.

ಹೀಗೆ ಜನರು ಮಂಗನ ಸಾವಿನಿಂದ ಮಾಡಿದ ಊಹೆಯನ್ನು ಪ್ರಯೋಗಶಾಲೆ ರಕ್ತದಿಂದ ದೃಢಪಡಿಸಿತು. ಕಾಡಿನಲ್ಲಿ ಕಂಡ ಸಾಕ್ಷ್ಯ ಮತ್ತು ರಕ್ತದಲ್ಲಿ ಹುಡುಕುವ ಸಾಕ್ಷ್ಯ, ಇವೆರಡರ ನಡುವಣ ಅಂತರವೇ ಈ ರೋಗದ ಮುಂದಿನ ಚರಿತ್ರೆಯನ್ನು ರೂಪಿಸಿದೆ.

ಅಂದಿನ ಪರೀಕ್ಷಾ ವಿಧಾನವನ್ನು ನೆನೆದರೆ ಆ ಅಂತರದ ಅಗಾಧತೆ ತಿಳಿಯುತ್ತದೆ. ರೋಗಿಯ ರಕ್ತವನ್ನು ಹಿಮದಲ್ಲಿಟ್ಟು ಪುಣೆಗೆ ಒಯ್ಯಬೇಕು. ಅದನ್ನು ಹಾಲು ಕುಡಿಯುವ ಇಲಿಮರಿಗಳ ಮಿದುಳಿಗೆ ಚುಚ್ಚಬೇಕು. ಮರಿಗಳು ಕಾಯಿಲೆ ಬೀಳುವವರೆಗೆ ದಿನಗಟ್ಟಲೆ ಕಾಯಬೇಕು. ಬಳಿಕ ಆ ಮಿದುಳಿನಿಂದ ತೆಗೆದ ದ್ರವ್ಯವನ್ನು ಪರಿಚಿತ ಪ್ರತಿವಿಷಗಳೊಡನೆ ಬೆರೆಸಿ ಯಾವ ವೈರಾಣು ಎಂದು ನಿರ್ಧರಿಸಬೇಕು. ಉತ್ತರ ಬರುವ ಹೊತ್ತಿಗೆ ರೋಗಿ ಎದ್ದು ಕುಳಿತಿರುತ್ತಿದ್ದ ಅಥವಾ ಮಣ್ಣಾಗಿರುತ್ತಿದ್ದ. ಪರೀಕ್ಷೆ ವಿಜ್ಞಾನಕ್ಕೆ ಉತ್ತರ ಕೊಟ್ಟಿತು, ರೋಗಿಗೆ ಕೊಡಲಿಲ್ಲ.

ಇದಕ್ಕೆ ಇನ್ನೊಂದು ಮುಖವಿದೆ. ಈ ವೈರಾಣುವನ್ನು ಬೆಳೆಸಿ ಪರೀಕ್ಷಿಸಿದ ಪ್ರಯೋಗಶಾಲೆಗಳ ಸಿಬ್ಬಂದಿಯಲ್ಲಿಯೇ ಅನೇಕರು ಸೋಂಕಿಗೆ ತುತ್ತಾದರು. ಆದ್ದರಿಂದ ಅದು ಅತ್ಯಂತ ಅಪಾಯಕಾರಿ ವರ್ಗದ ವೈರಾಣುಗಳ ಸಾಲಿಗೆ ಸೇರಿತು. 1978ರಲ್ಲಿ ರಾಷ್ಟ್ರೀಯ ವೈರಾಣು ಸಂಸ್ಥೆ ಎಂದು ಹೆಸರು ಬದಲಿಸಿಕೊಂಡ ಪುಣೆಯ ಕೇಂದ್ರ 2012ರಲ್ಲಿ ನಾಲ್ಕನೆಯ ಹಂತದ ಜೈವಿಕ ಸುರಕ್ಷತೆಯ ಪ್ರಯೋಗಾಲಯವನ್ನು ಪಡೆಯಿತು. ಜೀವಂತ ವೈರಾಣುವನ್ನು ನಿರ್ವಹಿಸುವ ಕೆಲಸ ಅಂಥಲ್ಲಿಯೇ ನಡೆಯಬೇಕು. ಕಾಡಿನಂಚಿನ ತಾಲ್ಲೂಕಿನ ಆಸ್ಪತ್ರೆಯಲ್ಲಿ ಹಳೆಯ ರೀತಿಯ ಪರೀಕ್ಷೆ ನಡೆಯದಿರುವುದಕ್ಕೆ ಉದಾಸೀನ ಮಾತ್ರ ಕಾರಣವಲ್ಲ; ಆ ಪರೀಕ್ಷೆಯ ಸ್ವರೂಪವೇ ಅದನ್ನು ಅಲ್ಲಿಂದ ದೂರವಿಟ್ಟಿತು.

ರೋಗ ಹರಡುವ ಬಗೆಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ನೋಡಬೇಕು. ಜನಜೀವನದ ವಿವರಗಳೆಲ್ಲ ಅಲ್ಲಿವೆ. ವಾಹಕ ಉಣ್ಣೆ, ಮಲೆನಾಡಿನ ಮಾತಿನಲ್ಲಿ ಉಣುಗು, ಮರಾಠಿಯಲ್ಲಿ ಗೋಚೀಡ. ಹಿಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿ ಇವುಗಳಲ್ಲಿ ಮುಖ್ಯ. ಕೆಚ್ಚಲಿಗೆ ಅಂಟಿದ ಉಣ್ಣೆ ಹಾಲನ್ನು ಬಿಟ್ಟು ರಕ್ತವನ್ನೇ ಹೀರುತ್ತದೆ ಎಂಬ ದೃಷ್ಟಾಂತ ಕನ್ನಡದಲ್ಲಿ ಬಲು ಹಳೆಯದು. ಅಲ್ಲಿ ಅದು ಅರಸಿಕತೆಯ ಪ್ರತೀಕ. ಮಲೆನಾಡಿನ ಕೊಟ್ಟಿಗೆಯ ಹೆಂಗಸಿಗೆ ಅದು ಪ್ರತಿನಿತ್ಯ ದನದ ಮೈಯಿಂದ ಕಿತ್ತು ಎಸೆಯುವ ಪೀಡೆ. ಬಲಿತ ಉಣ್ಣೆ ದನಗಳ ರಕ್ತದಿಂದ ಬದುಕಿ, ನೆಲಕ್ಕೆ ಬಿದ್ದು ಮೊಟ್ಟೆಯಿಡುತ್ತದೆ. ಮಳೆಗಾಲ ಕಳೆದ ಮೇಲೆ ಮರಿಗಳು ಹೊರಬಂದು ಸಣ್ಣ ಪ್ರಾಣಿಗಳನ್ನೂ ಮಂಗಗಳನ್ನೂ ಹತ್ತುತ್ತವೆ. ಮುಂದಿನ ಹಂತದ ಎಳೆ ಉಣುಗುಗಳು ಡಿಸೆಂಬರಿನಿಂದ ಮೇ ತಿಂಗಳವರೆಗೆ ತರಗೆಲೆಗಳ ನಡುವೆ ಹೇರಳವಾಗಿರುತ್ತವೆ. ಮನುಷ್ಯನನ್ನು ಕಚ್ಚುವವು ಹೆಚ್ಚಾಗಿ ಇವೇ. ಮನುಷ್ಯನಿಂದ ಮನುಷ್ಯನಿಗೆ ಈ ರೋಗ ಹರಡುವುದಿಲ್ಲ.

ಡಿಸೆಂಬರಿನಿಂದ ಮೇ ವರೆಗಿನ ಅವಧಿ ಮಲೆನಾಡಿನವರಿಗೆ ಏನೆಂಬುದನ್ನು ನೆನೆಯಬೇಕು. ಕೊಟ್ಟಿಗೆಗೆ ಹಾಸಲು ದರಕು ಗುಡಿಸುವ ಕಾಲ, ಸೊಪ್ಪಿನ ಬೆಟ್ಟದಿಂದ ಸೊಪ್ಪು ತರುವ ಕಾಲ, ಮಳೆಗಾಲಕ್ಕೆ ಸೌದೆ ಕೂಡಿಡುವ ಕಾಲ, ಸೀಗೆ, ಜೇನು, ಉಪ್ಪಾಗೆಗಳಿಗಾಗಿ ಕಾಡು ಸುತ್ತುವ ಕಾಲ, ಗೇರುಬೀಜ ಕೊಯ್ಯುವ ಕಾಲ. ಅಂದರೆ ರೋಗದ ಪಂಚಾಂಗವೂ ದುಡಿಮೆಯ ಪಂಚಾಂಗವೂ ಒಂದೇ. ‘ಕಾಡಿಗೆ ಹೋಗಬೇಡಿ’ ಎಂಬ ಎಚ್ಚರಿಕೆಯ ಫಲಕ ಯಾರಿಗೆ ಅನ್ವಯಿಸುತ್ತದೆಯೋ ಅವರಿಗೆ ಅದನ್ನು ಪಾಲಿಸುವ ಅನುಕೂಲ ಎಲ್ಲರಿಗಿಂತ ಕಡಿಮೆ.

ಕೊಲಂಬಿಯದ ಕಾಡುಗಳಲ್ಲಿ ಹಳದಿ ಜ್ವರದ ಅಧ್ಯಯನ ಮಾಡಿ ಮಲೆನಾಡಿಗೆ ಬಂದಿದ್ದ ಹೋರ್ಹೆ ಬೊಶೆಲ್ 1969ರಲ್ಲಿ ಪ್ರಕಟಿಸಿದ ಪರಿಸರ ವಿವೇಚನೆ ಇಂದಿಗೂ ಬೆಲೆಯುಳ್ಳದ್ದು. ವೈರಾಣು ಕಾಡಿನಲ್ಲಿ ಮೊದಲಿನಿಂದಲೂ ಸಣ್ಣ ಪ್ರಾಣಿ ಮತ್ತು ಉಣ್ಣೆಗಳ ನಡುವೆ ಸದ್ದಿಲ್ಲದೆ ಇತ್ತು. ಜನವಸತಿ ಬೆಳೆದು, ಕಾಡು ಕಡಿದು, ದನಗಳು ಕಾಡಿನೊಳಗೆ ಮೇಯತೊಡಗಿದಾಗ ಉಣ್ಣೆಗಳ ಸಂಖ್ಯೆ ಮಿತಿಮೀರಿ ರೋಗ ಸ್ಫೋಟಿಸಿತು ಎಂಬುದು ಅವರ ವಾದದ ಸಾರ. 1950ರ ದಶಕದ ಆರಂಭದಲ್ಲಿಯೇ ಸೌರಾಷ್ಟ್ರದ ಜನರ ರಕ್ತದಲ್ಲಿ ಇದೇ ಬಳಗದ ವೈರಾಣುವಿನ ವಿರುದ್ಧದ ಪ್ರತಿಕಾಯಗಳು ಕಂಡುಬಂದಿದ್ದವು. 1980ರ ದಶಕದ ಆರಂಭದಲ್ಲಿ ದಕ್ಷಿಣ ಕನ್ನಡದ ಬೆಳ್ತಂಗಡಿಯ ಕಡೆ ಗೇರು ನೆಡುತೋಪಿಗಾಗಿ ಕಾಡು ಕಡಿದ ಸ್ಥಳದಲ್ಲಿ ರೋಗ ಉಲ್ಬಣಿಸಿದ್ದು ಬೊಶೆಲ್ಲರ ವಾದಕ್ಕೆ ಪುಷ್ಟಿ ನೀಡಿತು. ಮುಂದೆ 1995ರಲ್ಲಿ ಸೌದಿ ಅರೇಬಿಯದಲ್ಲಿ ಬೇರ್ಪಡಿಸಲಾದ ಅಲ್‌ಖುರ್ಮಾ ವೈರಾಣು ಕ್ಯಾಸನೂರಿನ ವೈರಾಣುವಿನ ಅತಿ ಹತ್ತಿರದ ಸಂಬಂಧಿ ಎಂದು ತಿಳಿದಾಗ, ಇದು ಸೊರಬದ ಒಂದು ಕಾಡಿನ ವಿಶೇಷವೆಂಬ ಭಾವನೆಗೆ ಆಧಾರ ಉಳಿಯಲಿಲ್ಲ. ಬೊಶೆಲ್ಲರ ವಿವೇಚನೆಯಲ್ಲಿ ದನಗಾಹಿಯೇ ಅಪರಾಧಿಯಂತೆ ಕಾಣುವ ಅಪಾಯ ಮಾತ್ರ ಇದೆ. ಕಾಡು ಕಡಿಯುವ ನಿರ್ಧಾರಗಳು ದನಗಾಹಿಯ ಕೊಟ್ಟಿಗೆಯಲ್ಲಿ ಆದವಲ್ಲ.

ಈ ಹಿನ್ನೆಲೆಯಲ್ಲಿ ಕಾಳಿ ನದಿಯ ಕಣಿವೆಯನ್ನು, ಅಂದರೆ ದಾಂಡೇಲಿ, ಹಳಿಯಾಳ, ಜೋಯಿಡಾ ಹಾಗೂ ಅದಕ್ಕೆ ಹೊಂದಿದ ಮುಂಡಗೋಡ ಪ್ರದೇಶವನ್ನು ಪರಿಶೀಲಿಸಬೇಕು. ನಕ್ಷೆಯಲ್ಲಿ ಈ ಕಾಡು ಎರಡು ರೋಗಪ್ರದೇಶಗಳ ನಡುವೆ ಇದೆ. ದಕ್ಷಿಣಕ್ಕೆ ಸಿದ್ದಾಪುರ–ಸಾಗರ–ಸೊರಬಗಳ ಹಳೆಯ ನೆಲೆ. ವಾಯವ್ಯಕ್ಕೆ ಗೋವೆಯ ಸತ್ತರಿ ಮತ್ತು ಸಿಂಧುದುರ್ಗದ ದೋಡಾಮಾರ್ಗಗಳ ಹೊಸ ನೆಲೆ. ಮಾನವ ವ್ಯವಹಾರದ ದೃಷ್ಟಿಯಿಂದಲೂ ಇದು ಸಾಮಾನ್ಯ ಕಾಡಲ್ಲ. ಕುಮರಿ ಬೇಸಾಯವನ್ನು ಬ್ರಿಟಿಷ್ ಆಡಳಿತ ಹತ್ತೊಂಬತ್ತನೆಯ ಶತಮಾನದಲ್ಲಿ ನಿರ್ಬಂಧಿಸಿತು. 1919ರಲ್ಲಿ ಅಳ್ನಾವರದಿಂದ ದಾಂಡೇಲಿಗೆ ರೈಲುಹಾದಿ ಬಂದಿತು. ಅದು ಮುಖ್ಯವಾಗಿ ಮರಮುಟ್ಟಿನ ಹಾದಿ. 1955ರಲ್ಲಿ ಕಾಗದದ ಕಾರ್ಖಾನೆ ಸ್ಥಾಪನೆಯಾಯಿತು, 1956ರಲ್ಲಿ ವನ್ಯಧಾಮ ಘೋಷಣೆಯಾಯಿತು. ಒಂದೇ ಕಾಡಿನ ಬಿದಿರು ತಿರುಳಾಗುವುದಕ್ಕೂ ಅದೇ ಕಾಡಿನ ಮೃಗಗಳು ರಕ್ಷಣೆಗೊಳಗಾಗುವುದಕ್ಕೂ ಒಂದು ವರ್ಷದ ಅಂತರವಷ್ಟೇ. ಬಳಿಕ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಬಂದಿತು. ಸೂಪಾ ಊರು ಮುಳುಗಿ ಜೋಯಿಡಾ ತಾಲ್ಲೂಕಿನ ಕೇಂದ್ರವಾಯಿತು. ದಾಂಡೇಲಿ–ಅಣಶಿ ಹುಲಿ ಮೀಸಲು ಪ್ರದೇಶ 2007ರಲ್ಲಿ ರೂಪುಗೊಂಡು 2015ರಲ್ಲಿ ಕಾಳಿ ಹುಲಿ ಮೀಸಲು ಪ್ರದೇಶವೆನಿಸಿತು. ಇಲ್ಲಿಯ ಕುಣಬಿಗಳು, ದನಗರ ಗೌಳಿಗಳು, ಸಿದ್ದಿಗಳು ಈ ಎಲ್ಲ ಬದಲಾವಣೆಗಳ ನಡುವೆ ಕಾಡಿನೊಳಗೆ ಉಳಿದರು, ಅಥವಾ ಕಾಡಿನ ಅಂಚಿಗೆ ಸರಿದರು. ಗೌಳಿಗಳ ಎಮ್ಮೆ, ಕುಣಬಿಗಳ ಗೆಡ್ಡೆಗೆಣಸು, ಸಿದ್ದಿಗಳ ಕಾಡುಕೂಲಿ ಇವೆಲ್ಲವೂ ಉಣ್ಣೆಯ ನೆಲದ ಮೇಲೆಯೇ ನಡೆಯುವ ಬದುಕು.

2015ರಲ್ಲಿ ಗೋವೆಯ ಸತ್ತರಿ ತಾಲ್ಲೂಕಿನ ಪಾಲಿ ಗ್ರಾಮದಲ್ಲಿ ಮಂಗನ ಕಾಯಿಲೆ ಪತ್ತೆಯಾಯಿತು. ಮರುವರ್ಷ ದೋಡಾಮಾರ್ಗದಲ್ಲಿ ಕಾಣಿಸಿತು. ಗೋವೆಯ ಗೇರುತೋಟಗಳಿಗೆ ಕೂಲಿಗೆ ಹೋಗಿದ್ದ ಬೆಳಗಾವಿ ಜಿಲ್ಲೆಯವರಲ್ಲಿಯೂ ಸೋಂಕು ದೃಢಪಟ್ಟಿತು. ಘಟ್ಟದ ಮೇಲಿನವರು ಸುಗ್ಗಿಯ ಕೂಲಿಗೆ ಗೋವೆಗೆ ಇಳಿಯುವುದು ತಲೆಮಾರುಗಳ ರೂಢಿ. ಜೋಯಿಡಾದ ಬದುಕೂ ಅದಕ್ಕೆ ಹೊರತಲ್ಲ. ಒಬ್ಬ ಕೂಲಿಕಾರ ಸತ್ತರಿಯಲ್ಲಿ ಉಣುಗು ಕಚ್ಚಿಸಿಕೊಂಡು, ಸುಮಾರು ಒಂದು ವಾರದ ನಂತರ ತನ್ನ ಊರಿನಲ್ಲಿ ಜ್ವರದಿಂದ ಮಲಗಿದರೆ, ಅವನ ಊರಿನ ಕಾಡಿನಲ್ಲಿ ಒಂದು ಮಂಗವೂ ಸತ್ತಿರುವುದಿಲ್ಲ. ಆಗ ‘ಮಂಗನ ಕಾಯಿಲೆ’ ಎಂಬ ಹೆಸರಿನಲ್ಲಿರುವ ಜನಪದ ಜ್ಞಾನ ಕೈಕೊಡುತ್ತದೆ. ಸಂಕೇತವಾದ ಮಂಗ ಒಂದು ರಾಜ್ಯದಲ್ಲಿ, ರೋಗಿ ಇನ್ನೊಂದು ರಾಜ್ಯದಲ್ಲಿ. ಇಂಥ ಸಂದರ್ಭದಲ್ಲಿ ರಕ್ತದ ಹೊರತು ಬೇರೆ ಸಾಕ್ಷಿಯಿಲ್ಲ.

ರಕ್ತದಲ್ಲಿ ಏನನ್ನು ಹುಡುಕಬೇಕು ಎಂಬುದಕ್ಕೆ ಮೂರು ಉತ್ತರಗಳಿವೆ. ಒಂದು, ವೈರಾಣುವಿಗೆ ದೇಹ ಕೊಟ್ಟ ಉತ್ತರವಾದ ಪ್ರತಿಕಾಯ. ಎಲೈಸಾ ಪರೀಕ್ಷೆ ಹುಡುಕುವುದು ಇದನ್ನೇ. ಆದರೆ ಜ್ವರ ಬಂದು ಐದಾರು ದಿನಗಳಾಗುವವರೆಗೆ ಪ್ರತಿಕಾಯ ಸಾಕಷ್ಟು ಇರುವುದಿಲ್ಲ. ಎರಡು, ವೈರಾಣುವಿನ ಆನುವಂಶಿಕ ದ್ರವ್ಯ. ಆರ್‌ಟಿ-ಪಿಸಿಆರ್ ಅದನ್ನು ಮೊದಲ ವಾರದಲ್ಲಿಯೇ ಗುರುತಿಸುತ್ತದೆ. ಪುಣೆಯ ಸಂಸ್ಥೆ ರೂಪಿಸಿದ ಈ ವಿಧಾನ 2012ರಿಂದೀಚೆಗೆ ರೋಗಪತ್ತೆಯ ಬೆನ್ನೆಲುಬಾಗಿದೆ. ಶಿವಮೊಗ್ಗದ ವೈರಾಣು ರೋಗಪತ್ತೆ ಪ್ರಯೋಗಾಲಯ, ಮಣಿಪಾಲದ ವೈರಾಣು ಸಂಶೋಧನಾ ಕೇಂದ್ರಗಳು ಈ ಕಾರ್ಯದಲ್ಲಿ ಹೆಸರಾದವು. ಗೋವೆಯ ಸಂಸ್ಥೆಯೊಂದು ತಯಾರಿಸುವ ಟ್ರೂನ್ಯಾಟ್ ಎಂಬ, ಬ್ಯಾಟರಿಯಿಂದ ನಡೆಯುವ ಚಿಕ್ಕ ಯಂತ್ರಕ್ಕೆ ಈ ರೋಗದ ಪರೀಕ್ಷೆಯನ್ನು ಅಳವಡಿಸಿದ್ದು ಈಚಿನ ಮಹತ್ವದ ಹೆಜ್ಜೆ. ಮೂರನೆಯದು, ವೈರಾಣುವಿನ ಪ್ರೋಟೀನನ್ನೇ ನೇರವಾಗಿ ಹಿಡಿಯುವುದು. ಮುಂದಿನ ಮಾತು ಈ ಮೂರನೆಯದಕ್ಕೆ ಸಂಬಂಧಿಸಿದೆ.

ರಕ್ತದಲ್ಲಿ ವೈರಾಣುವಿನ ಪ್ರೋಟೀನನ್ನು ಕಾಣುವ ಪ್ರಯತ್ನಕ್ಕೆ ಸ್ವತಂತ್ರ ಇತಿಹಾಸವಿದೆ. ಬರೂಕ್ ಬ್ಲಂಬರ್ಗ್ ಮತ್ತು ಸಂಗಡಿಗರು 1965ರಲ್ಲಿ ಆಸ್ಟ್ರೇಲಿಯದ ಮೂಲನಿವಾಸಿಯೊಬ್ಬನ ರಕ್ತಸಾರದಲ್ಲಿ ಕಂಡ ಅಪರಿಚಿತ ಪ್ರೋಟೀನು ಮುಂದೆ ಬಿ ಬಗೆಯ ಕಾಮಾಲೆಯ ವೈರಾಣುವಿನ ಹೊರಕವಚದ ಪ್ರೋಟೀನೆಂದು ತಿಳಿಯಿತು. ಇಂದು ರಕ್ತದಾನದ ಪ್ರತಿಯೊಂದು ಬಾಟಲಿಯಲ್ಲಿಯೂ ಅದನ್ನು ಹುಡುಕುತ್ತಾರೆ. 1966ರಿಂದ ಮುಂಡಗೋಡದಲ್ಲಿ ನೆಲೆಸಿರುವ ಟಿಬೆಟನ್ ಸಮುದಾಯದ ಆರೋಗ್ಯ ಕಾರ್ಯಕರ್ತರಿಗೆ ಈ ಪರೀಕ್ಷೆ ಅತಿ ಪರಿಚಿತ. ಭಾರತದ ಟಿಬೆಟನ್ ವಸತಿಗಳಲ್ಲಿ ಆ ಕಾಮಾಲೆ ಗಂಭೀರ ಸಮಸ್ಯೆ. 1971ರಲ್ಲಿ ಸ್ವೀಡನ್ನಿನ ಎಂಗ್ವಾಲ್ ಮತ್ತು ಪರ್ಲ್‌ಮನ್ ಎಲೈಸಾ ವಿಧಾನವನ್ನು ಪ್ರಕಟಿಸಿದರು. 2000ರ ದಶಕದಲ್ಲಿ ಡೆಂಗಿ ವೈರಾಣುವಿನ ಎನ್‌ಎಸ್-1 ಎಂಬ ಪ್ರೋಟೀನು ರೋಗಿಯ ರಕ್ತಕ್ಕೆ ಮೊದಲ ದಿನಗಳಲ್ಲಿಯೇ ಹೇರಳವಾಗಿ ಸ್ರವಿಸುತ್ತದೆಂಬುದನ್ನು ಬಳಸಿಕೊಂಡು ಪರೀಕ್ಷೆಗಳು ಬಂದವು. ಕ್ಯಾಸನೂರಿನ ವೈರಾಣು ಡೆಂಗಿಯ ಕುಲಕ್ಕೇ ಸೇರಿದ್ದು. ಅದಕ್ಕೂ ಎನ್‌ಎಸ್-1 ಇದೆ. ಪ್ರೋಟೀನಿನ ಮಾರ್ಗ ಇಲ್ಲಿಗೂ ಅನ್ವಯಿಸಬಲ್ಲದೆಂಬ ಆಸೆಗೆ ಇದೇ ಆಧಾರ.

ವಿದ್ಯುದ್ರಾಸಾಯನಿಕ ಜೈವಿಕ ಸಂವೇದಕವೆಂಬ ಉಪಕರಣ ಈ ಮಾರ್ಗದಲ್ಲಿಯೇ ಬರುತ್ತದೆ. ಹೆಸರು ಭಾರವಾದರೂ ಅದರ ಅತಿ ಸಾಮಾನ್ಯ ರೂಪ ಹಳ್ಳಿಹಳ್ಳಿಯ ಸಕ್ಕರೆ ಕಾಯಿಲೆಯವರ ಮನೆಯಲ್ಲಿದೆ. ಬೆರಳು ಚುಚ್ಚಿ, ರಕ್ತದ ಹನಿಯನ್ನು ಪಟ್ಟಿಗೆ ಮುಟ್ಟಿಸಿದರೆ ಅಂಕಿ ತೋರಿಸುವ ಗ್ಲೂಕೋಮೀಟರ್ ಅಂಥದೊಂದು ಸಂವೇದಕ. ಅಮೆರಿಕದ ಲೆಲ್ಯಾಂಡ್ ಕ್ಲಾರ್ಕ್ 1956ರಲ್ಲಿ ರಕ್ತದ ಆಮ್ಲಜನಕವನ್ನು ಅಳೆಯುವ ವಿದ್ಯುದಗ್ರವನ್ನು ಪ್ರಕಟಿಸಿ, 1962ರಲ್ಲಿ ಅದಕ್ಕೆ ಕಿಣ್ವವನ್ನು ಸೇರಿಸಿ ಸಕ್ಕರೆಯನ್ನು ಅಳೆಯುವ ಮಾರ್ಗವನ್ನು ತೋರಿಸಿದರು. 1987ರಲ್ಲಿ ಪೆನ್ನಿನ ಗಾತ್ರದ ಮೊದಲ ವಿದ್ಯುದ್ರಾಸಾಯನಿಕ ಗ್ಲೂಕೋಮೀಟರ್ ಮಾರುಕಟ್ಟೆಗೆ ಬಂದಿತು.

ವೈರಾಣುವಿನ ಪ್ರೋಟೀನಿಗಾಗಿ ರೂಪಿಸುವ ಸಂವೇದಕದಲ್ಲಿ ಕಿಣ್ವದ ಸ್ಥಾನದಲ್ಲಿ ಪ್ರತಿಕಾಯವಿರುತ್ತದೆ. ಇಂಗಾಲ ಅಥವಾ ಚಿನ್ನದ ತೆಳು ಪದರದ ಮೇಲೆ, ನಿರ್ದಿಷ್ಟ ಪ್ರೋಟೀನನ್ನು ಮಾತ್ರ ಹಿಡಿಯುವ ಪ್ರತಿಕಾಯಗಳನ್ನು ನೆಟ್ಟಿರುತ್ತಾರೆ. ಅದರ ಸುತ್ತ ಸುಲಭವಾಗಿ ವಿದ್ಯುದಂಶಗಳನ್ನು ಕೊಟ್ಟು ಪಡೆಯುವ ಒಂದು ಲವಣದ ದ್ರಾವಣವಿರುತ್ತದೆ. ಕಬ್ಬಿಣದ ಸಯನೈಡ್ ಲವಣಗಳ ಜೋಡಿಯನ್ನು ಸಾಮಾನ್ಯವಾಗಿ ಬಳಸುತ್ತಾರೆ. ರಕ್ತದಲ್ಲಿ ವೈರಾಣುವಿನ ಪ್ರೋಟೀನಿದ್ದರೆ ಅದು ಪ್ರತಿಕಾಯಕ್ಕೆ ಅಂಟಿ, ಪದರವನ್ನು ಮುಚ್ಚಿ, ಲವಣವು ಲೋಹವನ್ನು ತಲುಪದಂತೆ ಅಡ್ಡವಾಗುತ್ತದೆ. ಹರಿಯುವ ವಿದ್ಯುತ್ತು ತಗ್ಗುತ್ತದೆ, ತಡೆ ಹೆಚ್ಚುತ್ತದೆ. ಆ ವ್ಯತ್ಯಾಸವನ್ನು ಅಳೆದರೆ ಪ್ರೋಟೀನಿನ ಪ್ರಮಾಣ ತಿಳಿಯುತ್ತದೆ. ಇನ್ನೊಂದು ವಿಧಾನದಲ್ಲಿ ಕಿಣ್ವ ಹೊತ್ತ ಎರಡನೆಯ ಪ್ರತಿಕಾಯವನ್ನು ಮೇಲೆ ಕೂರಿಸಿ, ಕಿಣ್ವ ಉತ್ಪಾದಿಸುವ ವಿದ್ಯುತ್ತನ್ನು ಅಳೆಯುತ್ತಾರೆ. ಕಣ್ಣಿಗೆ ಕಾಣುವ ಬಣ್ಣದ ಗೆರೆಯ ಬದಲು ಅಂಕಿ ಬರುವುದು, ಯಂತ್ರ ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿರುವುದು, ಬ್ಯಾಟರಿ ಸಾಕಾಗುವುದು ಇದರ ಲಾಭಗಳು. ಇಡೀ ರಾಜ್ಯಕ್ಕೆ ಬೆಳಕು ಕೊಟ್ಟ ಕಾಳಿ ಯೋಜನೆಯ ನೆರಳಿನಲ್ಲಿಯೇ ದಶಕಗಳ ಕಾಲ ವಿದ್ಯುತ್ತಿಲ್ಲದೆ ಇದ್ದ ಜೋಯಿಡಾದ ಕೇರಿಗಳಿಗೆ ಬ್ಯಾಟರಿ ಎಂಬ ಮಾತು ಸಣ್ಣದಲ್ಲ.

ಕರ್ನಾಟಕದಲ್ಲಿ ಈ ವಿದ್ಯೆಗೆ ಬಲವಾದ ನೆಲೆಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ವಿಜ್ಞಾನ ಕೇಂದ್ರದ ಪ್ರಾಧ್ಯಾಪಕ ನವಕಾಂತ ಭಟ್ಟರ ತಂಡ ಸಕ್ಕರೆ ಕಾಯಿಲೆಯ ಹಲವು ಸೂಚಕಗಳನ್ನು ಒಂದೇ ಕೈಯಂತ್ರದಲ್ಲಿ ಅಳೆಯುವ ವಿದ್ಯುದ್ರಾಸಾಯನಿಕ ಸಂವೇದಕಗಳನ್ನು ರೂಪಿಸಿತು. ಅದನ್ನು ಜನಬಳಕೆಗೆ ತರಲು ಪಾಥ್‌ಶೋಧ್ ಎಂಬ ಸಂಸ್ಥೆ ಹುಟ್ಟಿಕೊಂಡಿತು. 2018ರ ಇನ್ಫೋಸಿಸ್ ಪ್ರಶಸ್ತಿ ಭಟ್ಟರಿಗೆ ಸಂದಿತು. 2021ರಲ್ಲಿ ಇದೇ ಸಂಸ್ಥೆ ಕೋವಿಡ್ ಪ್ರತಿಕಾಯಗಳನ್ನು ಬೆರಳ ಹನಿರಕ್ತದಲ್ಲಿ ಅಳೆಯುವ ವಿದ್ಯುದ್ರಾಸಾಯನಿಕ ಎಲೈಸಾ ಪರೀಕ್ಷೆಯನ್ನು ಸಿದ್ಧಪಡಿಸಿತು. ಒಂದು ಸೂಕ್ಷ್ಮವನ್ನು ಇಲ್ಲಿ ಗುರುತಿಸಬೇಕು. ಅದು ಅಳೆದದ್ದು ವೈರಾಣುವಿನ ಮುಳ್ಳುಪ್ರೋಟೀನಿನ ವಿರುದ್ಧ ದೇಹ ಉಂಟುಮಾಡಿದ ಪ್ರತಿಕಾಯವನ್ನು. ರಕ್ತದಲ್ಲಿ ವೈರಾಣುವಿನ ಪ್ರೋಟೀನನ್ನು ಹಿಡಿಯುವುದು ಇದರ ತಿರುಗುಮುರುಗಾದ ಕೆಲಸ. ಪಟ್ಟಿ, ಯಂತ್ರ, ತತ್ತ್ವ ಒಂದೇ; ಬಲೆಯಲ್ಲಿ ಬೀಳುವ ಮೀನು ಬೇರೆ.

ಆದರೆ ಸಕ್ಕರೆಯಿಂದ ಪ್ರೋಟೀನಿಗೆ ಸಾಗುವ ಹಾದಿ ಕಠಿಣ. ರಕ್ತದಲ್ಲಿ ಸಕ್ಕರೆ ಹೇರಳ; ವೈರಾಣುವಿನ ಪ್ರೋಟೀನು ಅದಕ್ಕಿಂತ ಅನೇಕ ಲಕ್ಷಪಾಲು ಕಡಿಮೆ. ರಕ್ತದ ಸ್ವಂತ ಪ್ರೋಟೀನುಗಳು, ಮುಖ್ಯವಾಗಿ ಅಲ್ಬುಮಿನ್, ಕರೆಯದೆ ಬಂದು ವಿದ್ಯುದಗ್ರದ ಮೇಲೆ ಕೂರುತ್ತವೆ. ಪ್ರಯೋಗಶಾಲೆಯ ಶುದ್ಧ ದ್ರಾವಣದಲ್ಲಿ ಸೊಗಸಾಗಿ ನಡೆದ ಸಂವೇದಕಗಳು ನಿಜವಾದ ರಕ್ತದಲ್ಲಿ ಸೋಲುವುದು ಬಹುಮಟ್ಟಿಗೆ ಈ ಕಾರಣದಿಂದ. ಇನ್ನೊಂದು ತೊಡಕು ಕುಲಸಾಮ್ಯದ್ದು. ಡೆಂಗಿ ಹಾಗೂ ಮಂಗನ ಕಾಯಿಲೆಯ ವೈರಾಣುಗಳ ಹೊರಕವಚದ ಪ್ರೋಟೀನುಗಳು ಪರಸ್ಪರ ಹೋಲುವುದರಿಂದ ಒಂದರ ಪ್ರತಿಕಾಯ ಇನ್ನೊಂದನ್ನೂ ಹಿಡಿದುಬಿಡಬಹುದು. ಎರಡೂ ರೋಗಗಳಿರುವ ಉತ್ತರ ಕನ್ನಡದಲ್ಲಿ ಇದು ಪುಸ್ತಕದ ಸಮಸ್ಯೆಯಲ್ಲ. ಡೆಂಗಿ ಮಳೆಗಾಲದ್ದು, ಮಂಗನ ಕಾಯಿಲೆ ಬೇಸಿಗೆಯದು ಎಂಬ ವಿಭಜನೆ ಒಂದಿಷ್ಟು ನೆರವಾಗುತ್ತದೆ, ಪೂರ್ತಿ ಅಲ್ಲ. ಜೊತೆಗೆ, ಪ್ರತಿಕಾಯವೂ ಒಂದು ಪ್ರೋಟೀನು. ಏಪ್ರಿಲ್ ತಿಂಗಳ ಸೆಕೆಯಲ್ಲಿ ಉಪಕೇಂದ್ರದ ಕಪಾಟಿನಲ್ಲಿ ಅದು ಕೆಡದೆ ಉಳಿಯಬೇಕು.

ಬೇಗ ತಿಳಿದರೆ ಆಗುವ ಪ್ರಯೋಜನವೇನು ಎಂಬ ಪ್ರಶ್ನೆ ಸಹಜ. ಈ ರೋಗಕ್ಕೆ ನಿರ್ದಿಷ್ಟ ಔಷಧವಿಲ್ಲ. ಆದರೆ ಸಾವಿನ ಪ್ರಮಾಣ ಶೇಕಡಾ 3ರಿಂದ 5ರಷ್ಟಿರುವ ಈ ರೋಗದಲ್ಲಿ ದ್ರವಪೂರೈಕೆ, ರಕ್ತಸ್ರಾವದ ನಿಗಾ, ಸಕಾಲದಲ್ಲಿ ದೊಡ್ಡ ಆಸ್ಪತ್ರೆಗೆ ಸಾಗಿಸುವುದು ಇವುಗಳೇ ಚಿಕಿತ್ಸೆ. ಜೋಯಿಡಾದ ಒಳಹಳ್ಳಿಯಿಂದ ಕಾರವಾರಕ್ಕೋ ಹುಬ್ಬಳ್ಳಿಗೋ ರೋಗಿಯನ್ನು ಒಯ್ಯುವ ನಿರ್ಧಾರವೆಂದರೆ ಒಂದು ಕುಟುಂಬದ ಹಲವು ದಿನಗಳ ಕೂಲಿ ಮತ್ತು ಸಾಲ. ಮಾದರಿಯನ್ನು ಶಿವಮೊಗ್ಗಕ್ಕೆ ಕಳುಹಿಸುವುದಾದರೆ ಹಾದಿ ಇನ್ನೂರು ಕಿಲೋಮೀಟರ್ ಮೀರುತ್ತದೆ. ಇಂದು ಸಂಜೆ ತಿಳಿಯುವುದಕ್ಕೂ ನಾಲ್ಕು ದಿನ ಬಿಟ್ಟು ತಿಳಿಯುವುದಕ್ಕೂ ಇರುವ ವ್ಯತ್ಯಾಸ ಇದೇ. ರೋಗಿಗಿಂತ ಹೆಚ್ಚಾಗಿ ಊರಿಗೂ ಇದು ಮುಖ್ಯ. ಒಂದು ಪ್ರಕರಣ ದೃಢಪಟ್ಟರೆ ಉಳಿದವರು ಕಾಡಿಗೆ ಹೋಗುವ ಮುನ್ನ ಮೈಗೆ ಹಚ್ಚುವ ಡಿಎಂಪಿ ಅಥವಾ ಡೆಪಾ ತೈಲ ಅಲ್ಲಿಗೆ ಬರುತ್ತದೆ. ರಕ್ತ ಸಾಕ್ಷಿ ಹೇಳದಿದ್ದರೆ ಸರ್ಕಾರದ ಲೆಕ್ಕದಲ್ಲಿ ಅದು ಬರಿಯ ಜ್ವರ.

ಲಸಿಕೆಯ ಪ್ರಸಂಗ ಈ ಮಾತನ್ನು ಮತ್ತಷ್ಟು ಸ್ಪಷ್ಟಪಡಿಸುತ್ತದೆ. ಕೋಳಿಭ್ರೂಣದ ಜೀವಕೋಶಗಳಲ್ಲಿ ಬೆಳೆಸಿ ಫಾರ್ಮಲಿನ್ನಿನಿಂದ ನಿಷ್ಕ್ರಿಯಗೊಳಿಸಿದ ಲಸಿಕೆಯನ್ನು 1990ರ ದಶಕದಿಂದ ವ್ಯಾಪಕವಾಗಿ ನೀಡಲಾಯಿತು. ಆರಂಭದ ಕ್ಷೇತ್ರಪರೀಕ್ಷೆಯಲ್ಲಿ ಎರಡು ಚುಚ್ಚುಮದ್ದು ಪಡೆದವರಲ್ಲಿ ಶೇಕಡಾ 93.5ರಷ್ಟು ರಕ್ಷಣೆ ಕಂಡುಬಂದಿತ್ತು. 2005ರಿಂದ 2010ರ ಅವಧಿಯ ವಿಶ್ಲೇಷಣೆಯಲ್ಲಿ ಅದು ಸುಮಾರು ಶೇಕಡಾ 62ಕ್ಕೆ ಇಳಿದಿತ್ತು. ಚುಚ್ಚಿದ ಜಾಗದ ನೋವು, ಮತ್ತೆ ಮತ್ತೆ ತೆಗೆದುಕೊಳ್ಳಬೇಕಾದ ಡೋಸುಗಳು, ತೆಗೆದುಕೊಂಡವರಿಗೂ ಬಂದ ಕಾಯಿಲೆ ಇವೆಲ್ಲ ಸೇರಿ ಜನರ ವಿಶ್ವಾಸ ಕುಗ್ಗಿತು. 2022ರಲ್ಲಿ ಅದರ ಬಳಕೆ ನಿಂತಿತು. ಹೊಸ ಲಸಿಕೆಯ ಕೆಲಸವನ್ನು ವೈದ್ಯಕೀಯ ಸಂಶೋಧನಾ ಮಂಡಳಿ ಕೈಗೆತ್ತಿಕೊಂಡಿತು. 2024ರ ಬೇಸಿಗೆಯಲ್ಲಿ ಸಿದ್ದಾಪುರ ತಾಲ್ಲೂಕು ರೋಗದ ಹೊಡೆತಕ್ಕೆ ಸಿಕ್ಕಾಗ ಕೈಯಲ್ಲಿದ್ದದ್ದು ತೈಲ, ಎಚ್ಚರಿಕೆ ಮತ್ತು ಪರೀಕ್ಷೆ ಮಾತ್ರ. ಲಸಿಕೆಯನ್ನು ನಿರಾಕರಿಸಿದವರನ್ನು ಮೌಢ್ಯದ ಹೆಸರಿನಲ್ಲಿ ಬಯ್ದದ್ದುಂಟು. ಅವರು ಕಂಡುದನ್ನು ಆಧರಿಸಿಯೇ ನಿರಾಕರಿಸಿದ್ದರು ಎಂಬುದನ್ನು ಮೇಲಿನ ಅಂಕಿಗಳೇ ಸೂಚಿಸುತ್ತವೆ.

ಮಂಗನ ಶವದ ಬಗೆಗಿನ ಆಚರಣೆಯನ್ನೂ ಇದೇ ದೃಷ್ಟಿಯಿಂದ ನೋಡಬೇಕು. ಮಂಗ ಹನುಮಂತನ ಅಂಶವೆಂಬ ಭಾವನೆಯಿಂದ ಸತ್ತ ಮಂಗಕ್ಕೆ ಪೂಜೆ ಮಾಡಿ ಹೂಳುವ ಪದ್ಧತಿ ಕರ್ನಾಟಕದ ಹಳ್ಳಿಗಳಲ್ಲಿ ವ್ಯಾಪಕ. ಪ್ರಾಣ ಹೋದ ಮಂಗದ ಮೈಯಿಂದ ಉಣ್ಣೆಗಳು ಇಳಿದು ಸುತ್ತಲ ನೆಲವನ್ನು ತುಂಬುವುದರಿಂದ ಆರೋಗ್ಯ ಇಲಾಖೆ ಶವವನ್ನು ಮುಟ್ಟಬಾರದೆಂದು ಹೇಳುತ್ತದೆ, ಸುತ್ತಲಿನ ಜಾಗಕ್ಕೆ ಕೀಟನಾಶಕ ಸಿಂಪಡಿಸುತ್ತದೆ. ಮೇಲುನೋಟಕ್ಕೆ ಇದು ನಂಬಿಕೆಗೂ ವಿಜ್ಞಾನಕ್ಕೂ ನಡುವಣ ಸಂಘರ್ಷ. ಒಳಹೊಕ್ಕು ನೋಡಿದರೆ, ಮಂಗನ ಸಾವನ್ನು ಕಡೆಗಣಿಸದೆ ಅದೊಂದು ಸಾವೆಂದು ಗಣಿಸಿ ಊರಿಗೆ ಸಾರುವ ಈ ಸಂಸ್ಕೃತಿಯೇ ಇಲಾಖೆಗೆ ಮೊದಲ ವರದಿಗಾರ. ಇಲಿ ಸತ್ತರೆ ಯಾರೂ ಹೇಳುವುದಿಲ್ಲ. ಸಂಸ್ಕಾರವನ್ನು ಅಲ್ಲಗಳೆಯದೆ ಕೈಗಳನ್ನು ಮಾತ್ರ ದೂರವಿಡಿಸುವ ದಾರಿಯನ್ನು ಆಡಳಿತ ಇನ್ನೂ ಗಂಭೀರವಾಗಿ ಯೋಚಿಸಿದಂತೆ ಕಾಣುವುದಿಲ್ಲ.

ರಕ್ತ ಕೊಡುವ ವಿಷಯದಲ್ಲಿಯೂ ಇಂಥದೇ ತೊಡಕಿದೆ. ಮೈಯಿಂದ ಹೋದ ರಕ್ತ ಮರಳಿ ಬಾರದು, ರಕ್ತ ತೆಗೆಸಿದವನ ಬಲ ಕುಂದುತ್ತದೆ ಎಂಬ ಭಾವನೆ ಗ್ರಾಮೀಣ ಕರ್ನಾಟಕದಲ್ಲಿ ಇಂದಿಗೂ ಪ್ರಬಲ. ತೋಳಿನಿಂದ ಸಿರಿಂಜು ತುಂಬ ರಕ್ತ ತೆಗೆದು, ಅದು ಎಲ್ಲಿಗೆ ಹೋಯಿತೆಂದೂ ಹೇಳದೆ, ಉತ್ತರವನ್ನೂ ತಡವಾಗಿ ಕೊಡುವ ವ್ಯವಸ್ಥೆ ಈ ಅನುಮಾನವನ್ನು ಬೆಳೆಸುತ್ತದೆ. ರೋಗಿಯ ಕಣ್ಣೆದುರಿಗೇ ಒಂದು ಹನಿಯಿಂದ ಉತ್ತರ ಕೊಡುವ ಯಂತ್ರ ಬಂದರೆ, ಅದರ ದೊಡ್ಡ ಲಾಭ ತಾಂತ್ರಿಕವಾದುದಕ್ಕಿಂತ ಈ ಅನುಮಾನಕ್ಕೆ ಸಂಬಂಧಿಸಿದ್ದಾಗಿರಬಹುದು.

ಆ ಉತ್ತರದ ಭಾಷೆಯ ಪ್ರಶ್ನೆಯೂ ಉಳಿದಿದೆ. ‘ಪಾಸಿಟಿವ್’ ಎಂದರೆ ರೋಗವಿದೆ, ‘ನೆಗೆಟಿವ್’ ಎಂದರೆ ಇಲ್ಲ ಎಂಬ ತಲೆಕೆಳಗಾದ ಅರ್ಥವನ್ನು ಹಳ್ಳಿಯ ಜನ 2020–21ರ ಕೋವಿಡ್ ಕಾಲದಲ್ಲಿ ಕಲಿತುಕೊಂಡರು. ‘ಅವರಿಗೆ ಪಾಸಿಟಿವ್ ಬಂತು’ ಎಂಬ ಮಾತು ಈಗ ಕನ್ನಡದಲ್ಲಿ ಕಾಯಿಲೆಯ ಪರ್ಯಾಯ ಪದ. ಆದರೆ ನೆಗೆಟಿವ್ ಎಂದರೆ ‘ಈ ದಿನ, ಈ ಹನಿಯಲ್ಲಿ ಕಾಣಲಿಲ್ಲ’ ಎಂಬಷ್ಟೇ ಅರ್ಥವೆಂಬುದನ್ನು ಯಾರೂ ಕಲಿಸಿಲ್ಲ. ಬೇಗ ತೆಗೆದ ರಕ್ತದಲ್ಲಿ ಪ್ರತಿಕಾಯ ಇರುವುದಿಲ್ಲ, ತಡವಾಗಿ ತೆಗೆದ ರಕ್ತದಲ್ಲಿ ವೈರಾಣು ಇರುವುದಿಲ್ಲ. ಜ್ವರ ಬಂದ ದಿನವನ್ನು ಸರಿಯಾಗಿ ಕೇಳಿ ಬರೆದುಕೊಳ್ಳುವ ಕೆಲಸ ಮಾತ್ರ ಯಾವ ಸಂವೇದಕಕ್ಕೂ ಆಗದು. ಜೋಯಿಡಾದ ಕಾಡಿನ ಕೇರಿಯಲ್ಲಿ ಆ ದಿನವನ್ನು ಕೇಳಬೇಕಾದದ್ದು ಕೊಂಕಣಿ ಅಥವಾ ಮರಾಠಿಯಲ್ಲಿ. ಉತ್ತರವೂ ತಾರೀಖಿನಲ್ಲಿ ಬರುವುದಿಲ್ಲ. ಸಂತೆಯ ಮರುದಿನವೆಂದೋ, ಗೋವೆಯಿಂದ ಮರಳಿದ ಮೂರನೆಯ ದಿನವೆಂದೋ ಬರುತ್ತದೆ.